ಮನೆಯ ಗಾಜಿನ ತೊಟ್ಟಿ: ಮೀನು ತರುವ ಮೊದಲು ನೀರನ್ನು ಹದಗೊಳಿಸುವ ಕ್ರಮ

ಅಡಿಕೆಗೆ ಕೊಳೆರೋಗ, ಕರಿಮೆಣಸಿಗೆ ಸೊರಗುರೋಗ, ತೆಂಗಿಗೆ ಕುರುವಾಯಿ ಹುಳ, ಇಷ್ಟೆಲ್ಲ ಇರುವಾಗ ಕೃಷಿಯ ಪುಟದಲ್ಲಿ ಗಾಜಿನ ತೊಟ್ಟಿಯ ಮೀನಿಗೇನು ಕೆಲಸವೆಂದು ಓದುಗರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಈಚೆಗೆ ನಮ್ಮ ಕಾಸರಗೋಡಿನ ಹಳ್ಳಿಮನೆಗಳ ಚಾವಡಿಯಲ್ಲಿಯೂ ಮೀನಿನ ತೊಟ್ಟಿಗಳು ಕಾಣಿಸುತ್ತಿವೆ. ಜಾತ್ರೆಯಿಂದಲೋ ಪೇಟೆಯ ಅಂಗಡಿಯಿಂದಲೋ ಮಕ್ಕಳು ಪ್ಲಾಸ್ಟಿಕ್ ಚೀಲದಲ್ಲಿ ಎರಡು ಕೆಂಪು ಮೀನು ತರುತ್ತಾರೆ. ವಾರ ಕಳೆಯುವುದರೊಳಗೆ ಅವು ಸಾಯುತ್ತವೆ. ಮತ್ತೆ ತರುತ್ತಾರೆ, ಮತ್ತೆ ಸಾಯುತ್ತವೆ. ಕೊನೆಗೆ ತೊಟ್ಟಿ ಅಟ್ಟಕ್ಕೇರುತ್ತದೆ. ಈ ಸಾವಿಗೆ ಕಾರಣವಾದ ಸಂಗತಿ ಹಟ್ಟಿ, ಗೊಬ್ಬರ, ಮಣ್ಣು ಇವುಗಳ ಜೊತೆ ಬದುಕಿದವನಿಗೆ ಮೀನಂಗಡಿಯವನಿಗಿಂತ ಚೆನ್ನಾಗಿ ಅರ್ಥವಾಗತಕ್ಕದ್ದು. ಆದುದರಿಂದಲೇ ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ 6ನೇ ತರಗತಿಯ ಹುಡುಗಿಯೊಬ್ಬಳು ಒಂದು ದಿನ ಮಧ್ಯಾಹ್ನ ಊಟ ಮಾಡದೆ ಕುಳಿತಿದ್ದಳು. ಕೇಳಿದಾಗ ಅಳು. ಜಾತ್ರೆಯಲ್ಲಿ ತಂದ ಮೂರು ಮೀನುಗಳೂ ಸತ್ತಿದ್ದವು. "ಜೀವ ತಂದು ಕೊಲ್ಲುವ ಪಾಪ ಯಾಕೆ ಮಗಳೇ, ಈ ಮನೆಗೆ ಮೀನು ಆಗಿಬರುವುದಿಲ್ಲ" ಎಂದು ಅಜ್ಜಿ ಹೇಳಿದರಂತೆ. ಹುಡುಗಿ ನಮ್ಮನ್ನು ಕೇಳಿದ್ದಿಷ್ಟು: "ಮಾಷ್ಟ್ರೇ, ನಾನು ದಿನಾಲೂ ನೀರು ಬದಲಿಸಿದ್ದೆ. ಹೊಟ್ಟೆ ತುಂಬ ಅನ್ನ ಹಾಕಿದ್ದೆ. ಮತ್ತೆ ಯಾಕೆ ಸತ್ತವು?"

ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ವಿಜ್ಞಾನದ ಪಾಠ ಮಾಡುವವರು ನಾವೇ. ಆದರೂ ಏನೋ ಸಮಾಧಾನ ಹೇಳಿ ಕಳುಹಿಸಿದೆವು. ಉತ್ತರ ತಿಳಿಯಲು ಆಮೇಲೆ ನಾವೇ ಒಂದು ತೊಟ್ಟಿ ಇಟ್ಟು, ಮೀನು ಕೊಂದು ಕಲಿಯಬೇಕಾಯಿತು.

ಮೀನು ನೀರಿನಲ್ಲಿಯೇ ಉಣ್ಣುತ್ತದೆ, ನೀರಿನಲ್ಲಿಯೇ ವಿಸರ್ಜಿಸುತ್ತದೆ, ಅದೇ ನೀರನ್ನು ಉಸಿರಾಡುತ್ತದೆ. ಹೊಳೆಯಲ್ಲಿ ಇದು ತೊಂದರೆಯಲ್ಲ, ನೀರು ಹರಿದುಹೋಗುತ್ತದೆ. ಗಾಜಿನ ನಾಲ್ಕು ಗೋಡೆಗಳ ನಡುವೆ ಹೋಗುವುದೆಲ್ಲಿಗೆ? ಮೀನಿನ ಕಿವಿರಿನಿಂದಲೂ ಮಲದಿಂದಲೂ ಕೊಳೆತ ಆಹಾರದಿಂದಲೂ ಅಮೋನಿಯ ಹೊರಡುತ್ತದೆ. ಮುಚ್ಚಿದ ಹಟ್ಟಿಯ ಬಾಗಿಲನ್ನು ಬೆಳಗಿನ ಜಾವ ತೆರೆದಾಗ ಮೂಗಿಗೆ ಚುಚ್ಚುವುದೂ ಅದೇ ಅಮೋನಿಯ. ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ, ವಾಸನೆಯೂ ಬಾರದು. ಮೀನಿನ ಕಿವಿರು ಮಾತ್ರ ಸುಡುತ್ತಿರುತ್ತದೆ.

ಇದಕ್ಕೆ ಮದ್ದನ್ನು ಪ್ರಕೃತಿಯೇ ಇಟ್ಟಿದೆ. ತೋಟಕ್ಕೆ ಹಟ್ಟಿಗೊಬ್ಬರವನ್ನೋ ಯೂರಿಯವನ್ನೋ ಹಾಕಿದರೆ ಅದರಿಂದ ಹುಟ್ಟುವ ಅಮೋನಿಯವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಎರಡು ಮೆಟ್ಟಿಲಲ್ಲಿ ಬದಲಿಸುತ್ತವೆ: ಮೊದಲು ನೈಟ್ರೈಟು, ಆಮೇಲೆ ನೈಟ್ರೇಟು. ಕೊನೆಯದೇ ಪೆಟ್ಲುಪ್ಪಿನ ಜಾತಿಯದು, ಗಿಡದ ಬೇರು ಹೀರುವಂಥಾದ್ದು. ಈ ಕೆಲಸದ ಜೀವಿಗಳನ್ನು 1890ರ ಸುಮಾರಿಗೆ ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ ಮಣ್ಣಿನಿಂದ ಬೇರ್ಪಡಿಸಿ ತೋರಿಸಿದರು. ಗಾಜಿನ ತೊಟ್ಟಿಯ ಮರಳು, ಕಲ್ಲು, ಸ್ಪಂಜುಗಳ ಮೇಲೆ ನೆಲೆಸಿ ಅದೇ ಕೆಲಸ ಮಾಡುವುದೂ ಇವುಗಳ ಬಳಗವೇ. ಎರಡನೆಯ ಮೆಟ್ಟಿಲು ನೈಟ್ರೋಬ್ಯಾಕ್ಟರಿನದೆಂದು ಹಳೆಯ ಪುಸ್ತಕಗಳಲ್ಲಿ ಇರುತ್ತದೆ. ತೊಟ್ಟಿಗಳಲ್ಲಿ ಅದನ್ನು ನಡೆಸುವುದು ಹೆಚ್ಚಾಗಿ ನೈಟ್ರೋಸ್ಪೈರಾ ಎಂಬ ಬೇರೆ ಜಾತಿಯೆಂದು 1990ರ ದಶಕದ ಕೊನೆಗೆ ಗೊತ್ತಾಯಿತು.

ಅಮೋನಿಯದಂತೆ ನೈಟ್ರೈಟೂ ವಿಷ. ಅದು ಮೀನಿನ ರಕ್ತಕ್ಕೆ ಸೇರಿ, ರಕ್ತವು ಪ್ರಾಣವಾಯುವನ್ನು ಹೊರದಂತೆ ಮಾಡುತ್ತದೆ. ಗಾಳಿಯ ಪಂಪು ಬುಳುಬುಳು ಎನ್ನುತ್ತಿದ್ದರೂ ಮೀನು ಮೇಲೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಇದನ್ನು ಸಂಶಯಿಸಬೇಕು. ನೈಟ್ರೇಟು ಸ್ವಲ್ಪ ಹೆಚ್ಚಿದ್ದರೂ ಬಹುತೇಕ ಮೀನುಗಳು ತಾಳಿಕೊಳ್ಳುತ್ತವೆ.

ಈಗ ಮುಖ್ಯ ಮಾತಿಗೆ ಬಂದೆವು. ಹೊಸ ತೊಟ್ಟಿಯಲ್ಲಿ ಈ ಸೂಕ್ಷ್ಮಜೀವಿಗಳು ಇರುವುದಿಲ್ಲ. ಅವು ಬಂದು, ಹೆಚ್ಚಿ, ನೆಲೆಯೂರಲು 4ರಿಂದ 6 ವಾರ ಬೇಕು. ನಾವಾದರೋ ಬೆಳಿಗ್ಗೆ ತೊಟ್ಟಿ ಕೊಂಡು, ಮಧ್ಯಾಹ್ನ ನೀರು ತುಂಬಿ, ಸಂಜೆಗೆ ಮೀನು ಬಿಡುತ್ತೇವೆ. ಹಸಿ ಸೆಗಣಿಯನ್ನು ಎಳೆಯ ಸಸಿಯ ಬುಡಕ್ಕೆ ಹಾಕುವ ಕೃಷಿಕನುಂಟೇ? ಗೊಬ್ಬರ ಕಳಿಯಲು ದಿನ ಕೊಡುವ ನಾವು ತೊಟ್ಟಿಯ ನೀರಿಗೂ ದಿನ ಕೊಡಬೇಕು.

ನೆಲೆಯೂರಿದ ಜೀವಿಗಳನ್ನು ತೊಳೆದು ಕಳೆದುಕೊಳ್ಳುವುದೂ ಉಂಟು. ಇದರಲ್ಲಿ ನಮ್ಮ ತಪ್ಪನ್ನೇ ಹೇಳುವುದು ಲೇಸು. ಶಾಲೆಯ ತೊಟ್ಟಿ ಏಳೆಂಟು ತಿಂಗಳಿಂದ ಚೆನ್ನಾಗಿ ನಡೆದಿತ್ತು. ಶಾಲಾ ವಾರ್ಷಿಕೋತ್ಸವ ಬಂತು. ಗಾಜಿನ ಮೇಲೆ ಪಾಚಿ, ಕಲ್ಲಿನ ಮೇಲೆ ಕಂದುಬಣ್ಣದ ಲೋಳೆ. ಅತಿಥಿಗಳ ಮುಂದೆ ಹೇಗೆ ಇಡುವುದೆಂದು ನಾವೇ ನಿಂತು ಮಕ್ಕಳಿಂದ ಎಲ್ಲವನ್ನೂ ತೆಗೆಸಿ, ಕಲ್ಲನ್ನು ನಳ್ಳಿನೀರಿನಲ್ಲಿ ಉಜ್ಜಿಸಿ, ಸ್ಪಂಜನ್ನು ಹಿಂಡಿ ಬಿಸಿಲಿಗೆ ಒಣಗಿಸಿ, ಹೊಸ ನೀರು ತುಂಬಿಸಿದೆವು. ತೊಟ್ಟಿ ಥಳಥಳ ಹೊಳೆಯಿತು. ಬಂದವರೆಲ್ಲ ಹೊಗಳಿದರು. ಐದನೆಯ ದಿನ ಒಂಬತ್ತರಲ್ಲಿ ಏಳು ಮೀನುಗಳು ತೇಲಿದವು. ಆ ಕಂದು ಲೋಳೆಯೇ ತೊಟ್ಟಿಯ ಜೀವವಾಗಿತ್ತು. ಮಕ್ಕಳು ನಮ್ಮ ಮುಖ ನೋಡಿದ್ದನ್ನು ಮರೆತಿಲ್ಲ. ಶುಚಿಯ ಪಾಠ ಹೇಳಿಕೊಟ್ಟವರೂ ನಾವೇ ತಾನೆ.

ಇನ್ನು ಕೆಲಸಕ್ಕೆ ತೊಡಗುವವರಿಗೆ. ದುಂಡಗಿನ ಗಾಜಿನ ಬೋಗುಣಿ ಬೇಡವೇ ಬೇಡ. ನೀರು ಕಡಿಮೆ, ಬಾಯಿ ಕಿರಿದು. ಪ್ರಾಣವಾಯು ನೀರಿಗಿಳಿಯುವುದು ಮೇಲ್ಮೈಯಿಂದ. ಮೇಲ್ಮೈ ಅಗಲವಾದಷ್ಟು ಒಳ್ಳೆಯದು. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿ ಆರಂಭಕ್ಕೆ ಸಾಕು. ಅದು 2 ಘನ ಅಡಿ, ಅಂದರೆ ಅಂಚಿನ ತನಕ ತುಂಬಿದರೆ ಸುಮಾರು 56 ಲೀಟರ್. ಮೇಲೆ ಎರಡು ಅಂಗುಲ ಬಿಟ್ಟು, ಕಲ್ಲು ಮರಳಿನ ಜಾಗವನ್ನು ಕಳೆದರೆ 45 ಲೀಟರ್ ನೀರು ಹಿಡಿಯುತ್ತದೆ. ಸಣ್ಣ ತೊಟ್ಟಿ ಸುಲಭವೆಂಬುದು ತಪ್ಪು ಎಣಿಕೆ. ನೀರು ಹೆಚ್ಚಿದ್ದಷ್ಟು ಕೆಡುವುದು ನಿಧಾನ.

ನೀರು, ಕಲ್ಲು, ಗಾಜು ಎಲ್ಲ ಸೇರಿ 60 ಕಿಲೋಗಿಂತ ಹೆಚ್ಚು ಭಾರವಾಗುತ್ತದೆ. ಓಲಾಡುವ ಮೇಜಿನ ಮೇಲೆ ಇಡಬಾರದು. ಮುರಕಲ್ಲು ಕಟ್ಟಿ ಮೇಲೆ ಕಡಪ ಕಲ್ಲು ಹಾಸಿದರೆ ಎಲ್ಲಕ್ಕೂ ಒಳ್ಳೆಯದು. ತೊಟ್ಟಿಯ ಅಡಿಗೆ ತೆಳ್ಳನೆಯ ಥರ್ಮೋಕೋಲ್ ಹಾಸಿದರೆ ಕಲ್ಲಿನ ಏರುತಗ್ಗಿನಿಂದ ಗಾಜು ಸೀಳುವುದು ತಪ್ಪುತ್ತದೆ. ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ನೀರು ಹಸಿರಾಗುತ್ತದೆ, ಬೇಸಗೆಯಲ್ಲಿ ಕಾಯುತ್ತದೆ ಕೂಡ. ಕಾದ ನೀರಿನಲ್ಲಿ ಪ್ರಾಣವಾಯು ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಿದರೆ, 30 ಡಿಗ್ರಿಯಲ್ಲಿ 7.5 ಮಾತ್ರ. ನಮ್ಮ ಕಡೆಯ ಹವೆಗೆ ನೀರು ಕಾಯಿಸುವ ಸಾಧನದ ಅಗತ್ಯವಿಲ್ಲ. ಅಂಗಡಿಯವರು ಕೊಡಲು ಬಂದರೆ ಬೇಡವೆನ್ನಿ.

ತಳಕ್ಕೆ ಹೊಳೆಯ ದಪ್ಪ ಮರಳನ್ನು, ಬೆಣಚುಕಲ್ಲಿನ ಹರಳನ್ನು ಎರಡಂಗುಲ ದಪ್ಪಕ್ಕೆ ಹಾಕಬೇಕು. ಮೊದಲು ತಿಳಿನೀರು ಬರುವ ತನಕ ತೊಳೆಯಬೇಕು. ಸಾಬೂನು ಎಂದೂ ಮುಟ್ಟಬಾರದು. ಗಾಳಿಯ ಪಂಪಿಗೆ ಸಿಕ್ಕಿಸುವ ಸ್ಪಂಜಿನ ಸೋಸುಕ ಪೇಟೆಯಲ್ಲಿ ಸಿಗುತ್ತದೆ. ಬೆಲೆ ಕಡಿಮೆ, ಕೆಲಸ ದೊಡ್ಡದು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆಯೇ ತೂಗುಹಾಕಿ. ಕೆಳಗಿಟ್ಟರೆ ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಇಳಿದು ಪಂಪಿನೊಳಗೆ ಹೋಗುತ್ತದೆ. ತೊಟ್ಟಿಗೆ ಕೈ ಹಾಕುವ ಮೊದಲು ಪ್ಲಗ್ಗನ್ನು ಕೀಳುವುದನ್ನು ಮಕ್ಕಳಿಗೆ ರೂಢಿ ಮಾಡಿಸಿ. ಬಾಯಿಗೆ ಬಲೆಯ ಮುಚ್ಚಳ ಇರಲಿ. ಮೀನು ಹಾರುತ್ತದೆ, ಬೆಕ್ಕು ಕಾಯುತ್ತದೆ.

ಗಿಡಕ್ಕೆ ತೋಡಿನ ಹೈಡ್ರಿಲ್ಲದ ನಾಲ್ಕು ಎಳೆ ಸಾಕು. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ವಾರಿಂಗ್ಟನ್ ಎಂಬವರು ಬಂಗಾರದ ಮೀನು, ನೀರಿನ ಗಿಡ, ಬಸವನಹುಳ ಮೂರನ್ನೂ ಒಂದೇ ತೊಟ್ಟಿಯಲ್ಲಿಟ್ಟು, ಒಂದರ ಕಸವನ್ನು ಮತ್ತೊಂದು ತಿನ್ನುವ ಬಗೆಯನ್ನು ಬರೆದು ಪ್ರಕಟಿಸಿದ್ದರು. ಗಿಡವು ಅಮೋನಿಯವನ್ನೂ ನೈಟ್ರೇಟನ್ನೂ ಹೀರುತ್ತದೆ. ಅದರ ಎಲೆಯ ಮರೆ ಮೀನಿಗೆ ಧೈರ್ಯ. ಆದರೆ ಕೆರೆಯನ್ನೆಲ್ಲ ಮುಚ್ಚುವ ಆಫ್ರಿಕನ್ ಪಾಯಲನ್ನು ಮಾತ್ರ ಚಂದ ಕಂಡಿತೆಂದು ಮನೆಗೆ ತರಬೇಡಿ.

ನೀರಿನ ವಿಚಾರವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ನಮ್ಮಲ್ಲಿ ನೀರು ಮೂರು ಬಗೆ: ಸುರಂಗದ್ದು, ಬಾವಿಯದು, ನಳ್ಳಿಯದು. ಬಾಯಾರು, ಪಡ್ರೆ ಕಡೆಯವರಿಗೆ ಸುರಂಗವನ್ನು ವಿವರಿಸಬೇಕಾಗಿಲ್ಲ. ಮುರಕಲ್ಲಿನ ಗುಡ್ಡದ ಹೊಟ್ಟೆಯಿಂದ ತಾನಾಗಿ ಹರಿದುಬರುವ ಆ ನೀರಿನಷ್ಟು ರುಚಿಯಾದ ನೀರು ಬೇರಿಲ್ಲ. ಆದರೆ ನೆಲದೊಳಗಿಂದ ಆಗತಾನೆ ಬಂದ ನೀರಿನಲ್ಲಿ ಪ್ರಾಣವಾಯು ಕಡಿಮೆ, ಇಂಗಾಲಾಮ್ಲ ಹೆಚ್ಚು. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ರಾತ್ರಿ ಇಡಬೇಕು, ಇಲ್ಲವೇ ದಂಬೆಯಿಂದ ಎತ್ತರದಿಂದ ಬೀಳಿಸಿ ಹಿಡಿಯಬೇಕು. ಬಾವಿಯ ನೀರಿಗೂ ಇದೇ ಕ್ರಮ. ನಳ್ಳಿಯ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಮಳೆಗಾಲದ ಮೊದಲು ಬಾವಿಗಳಿಗೂ ಬ್ಲೀಚಿಂಗ್ ಪೌಡರು ಬೀಳುವುದುಂಟು. ಜನರ ಆರೋಗ್ಯಕ್ಕೆ ಅದು ಬೇಕಾದ್ದೇ. ಮೀನಿನ ಕಿವಿರಿಗೆ ಮಾತ್ರ ಅದು ಬೆಂಕಿ. ಅಂಥ ನೀರನ್ನು ತೆರೆದ ಪಾತ್ರೆಯಲ್ಲಿ ಒಂದು ಇಡೀ ದಿನ, ಸಾಧ್ಯವಾದರೆ ಎರಡು ದಿನ ಇಟ್ಟು ಬಳಸತಕ್ಕದ್ದು. ಆ ಹುಡುಗಿಯ ಮನೆಗೆ ನಳ್ಳಿ ಬಂದಿತ್ತು. ದಿನಾಲೂ ಬೆಳಿಗ್ಗೆ ನಳ್ಳಿಯಿಂದ ನೇರವಾಗಿ ಹೊಸ ನೀರು ತುಂಬುತ್ತಿದ್ದಳು. ಪ್ರೀತಿಯಿಂದಲೇ ಮಾಡಿದ್ದಳು.

ಮುರಕಲ್ಲಿನ ನೆಲದ ನೀರಿಗೆ ಇನ್ನೊಂದು ಗುಣವುಂಟು. ಅದು ಮೃದು, ಸುಣ್ಣದ ಅಂಶ ಕಡಿಮೆ, ಸಾಮಾನ್ಯವಾಗಿ ತುಸು ಹುಳಿ. ಅಮೋನಿಯ ನೈಟ್ರೇಟಾಗುವಾಗ ಆಮ್ಲವೂ ಹುಟ್ಟುತ್ತದೆ. ತೋಟಕ್ಕೆ ವರ್ಷ ವರ್ಷ ಅಮೋನಿಯಂ ಸಲ್ಫೇಟು ಹಾಕಿದರೆ ಮಣ್ಣು ಹುಳಿಯಾಗಿ ಸುಣ್ಣ ಕೊಡಬೇಕಾಗುವುದು ಇದೇ ಕಾರಣಕ್ಕೆ. ತೊಟ್ಟಿಯ ನೀರು ಹೀಗೆ ಹುಳಿಯಾಗುತ್ತಾ ಹೋದರೆ ಸೂಕ್ಷ್ಮಜೀವಿಗಳ ಕೆಲಸ ಕುಂಟುತ್ತದೆ. ತೊಟ್ಟಿಗೆ ಸುಣ್ಣ ಹಾಕಬೇಡಿ, ಒಮ್ಮೆಲೇ ಖಾರವಾಗಿ ಮೀನು ಸತ್ತೀತು. ಮರುವಾಯಿಯ ಹತ್ತು ಹನ್ನೆರಡು ಖಾಲಿ ಚಿಪ್ಪನ್ನು ಕುದಿಸಿ ತೊಳೆದು ಕಲ್ಲಿನ ನಡುವೆ ಇಟ್ಟರಾಯಿತು. ನೀರು ಹುಳಿಯಾದಷ್ಟೇ ಚಿಪ್ಪು ಕರಗುತ್ತದೆ. ಕುಂಬಳೆಯ ಕಡಲ ಕರೆಯಲ್ಲಿ ಆರಿಸಿದ ಚಿಪ್ಪುಗಳು ನಮ್ಮ ತೊಟ್ಟಿಯಲ್ಲಿ ಇಂದಿಗೂ ಇವೆ.

ಗಿಡ, ಕಲ್ಲು, ನೀರು, ಸೋಸುಕ ಎಲ್ಲ ಸಿದ್ಧವಾದ ಮೇಲೆ ಮೀನಿಲ್ಲದೆಯೇ ಪಂಪು ನಡೆಸಬೇಕು. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಬೇಕು. ತಿನ್ನಲು ಯಾರೂ ಇಲ್ಲ. ಅದು ಕೊಳೆತು ಅಮೋನಿಯವಾಗುತ್ತದೆ, ಸೂಕ್ಷ್ಮಜೀವಿಗಳಿಗೆ ಅದೇ ಊಟ. ಮನೆಯವರು ನಗುತ್ತಾರೆ, ನಗಲಿ. ಅಮೋನಿಯ, ನೈಟ್ರೈಟು ಎಷ್ಟಿದೆಯೆಂದು ಬಣ್ಣದಿಂದ ತೋರಿಸುವ ಹನಿ-ಮದ್ದಿನ ಪೆಟ್ಟಿಗೆಗಳು ಮಂಗಳೂರಿನ ಅಂಗಡಿಗಳಲ್ಲಿ ಸಿಗುತ್ತವೆ. ಮೊದಲು ಅಮೋನಿಯ ಏರುತ್ತದೆ, ಅದು ಇಳಿಯುವಾಗ ನೈಟ್ರೈಟು ಏರುತ್ತದೆ, ಕೊನೆಗೆ ಎರಡೂ ಸೊನ್ನೆಗೆ ಬರುತ್ತವೆ. ಆ ದಿನ ತೊಟ್ಟಿ ಹದಕ್ಕೆ ಬಂತೆಂದು ತಿಳಿಯಿರಿ. ಒಂದು ಪೆಟ್ಟಿಗೆ ಕೊಂಡು ನಾಲ್ಕು ಮನೆಯವರು ಹಂಚಿಕೊಂಡರೂ ಆದೀತು.

ಇಷ್ಟು ವಾರ ಕಾಯಲಾರದವರಿಗೆ ಒಂದು ಉಪಾಯವುಂಟು. ಹಾಲು ಮೊಸರಾಗಲು ಹೆಪ್ಪು ಹಾಕುವುದಿಲ್ಲವೇ? ಹಾಗೆಯೇ ಮೀನುಗಳು ಆರೋಗ್ಯವಾಗಿರುವ ಹಳೆಯ ತೊಟ್ಟಿಯಿಂದ ಒಂದು ಹಿಡಿ ಕಲ್ಲನ್ನೋ, ಕೊಳೆ ಹಿಡಿದ ಸ್ಪಂಜಿನ ತುಂಡನ್ನೋ ಅದೇ ನೀರಿನಲ್ಲಿ ಒದ್ದೆಯಾಗಿ ತಂದು ಹೊಸ ತೊಟ್ಟಿಗೆ ಹಾಕಿದರೆ ಅರ್ಧಕ್ಕರ್ಧ ಸಮಯ ಉಳಿದೀತು. ದಾರಿಯಲ್ಲಿ ಒಣಗಿದರೆ ಹೆಪ್ಪು ಕೆಟ್ಟಿತು. ರೋಗದ ತೊಟ್ಟಿಯಿಂದ ತಂದರೆ ರೋಗವೂ ಜೊತೆಗೆ ಬಂದೀತು, ನೋಡಿ ತರಬೇಕು.

ಮೀನನ್ನು ಬಿಡುವಾಗ ಮೊದಲು ಎರಡೋ ಮೂರೋ ಮಾತ್ರ. ಚೀಲವನ್ನು ಕಟ್ಟಿದಂತೆಯೇ 15-20 ನಿಮಿಷ ತೊಟ್ಟಿಯಲ್ಲಿ ತೇಲಬಿಟ್ಟು, ಬಳಿಕ ಬಾಯಿ ಬಿಚ್ಚಿ ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರು ಸೇರಿಸುತ್ತಾ ಅರ್ಧ ಗಂಟೆ ಕಳೆದು, ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಬೇಕು. ಚೀಲದ ನೀರು ಹೊರಗೆ ಚೆಲ್ಲಲಿ. ಎರಡು ಮೂರು ವಾರಕ್ಕೊಮ್ಮೆ ಇನ್ನೆರಡು ಸೇರಿಸಬಹುದು. 45 ಲೀಟರಿಗೆ ಸಣ್ಣ ಮೀನು ಎಂಟು ಹತ್ತು ಸಾಕು. ಆಮೇಲೆ ತರುವ ಮೀನನ್ನು ಎರಡು ವಾರ ಬೇರೆ ಪಾತ್ರೆಯಲ್ಲಿಟ್ಟು, ಮೈಮೇಲೆ ಉಪ್ಪು ಉದುರಿಸಿದಂಥ ಬಿಳಿ ಚುಕ್ಕೆಗಳು ಏಳುತ್ತವೆಯೋ ಎಂದು ನೋಡಿಯೇ ಒಳಗೆ ಬಿಡಬೇಕು. ಆ ಚುಕ್ಕೆ ಒಂದು ಪರಾವಲಂಬಿ ಜೀವಿ. ಒಂದು ಮೀನಿನಿಂದ ಇಡೀ ತೊಟ್ಟಿಗೆ ಹಬ್ಬುತ್ತದೆ.

ಯಾವ ಮೀನು? ಮಕ್ಕಳು ಆಸೆಪಡುವ ಬಂಗಾರದ ಮೀನು ನಮ್ಮ ಅಭಿಪ್ರಾಯದಲ್ಲಿ ಹೊಸಬರಿಗೆ ಸಲ್ಲದು. ಅದು ಗೇಣುದ್ದ ಬೆಳೆಯುವ ಜಾತಿ, ಹೊಲಸು ಮಾಡುವುದೂ ಬಹಳ. ಗಪ್ಪಿ ಸುಲಭ, ಚಿಪ್ಪು ಇಟ್ಟ ನೀರು ಅದಕ್ಕೆ ಹಿಡಿಸುತ್ತದೆ. ಆದರೆ ಗಂಡು ಹೆಣ್ಣು ಎರಡನ್ನೂ ತಂದರೆ ತಿಂಗಳಿಗೊಮ್ಮೆ ಹೆತ್ತು ಮೂರು ತಿಂಗಳಲ್ಲಿ ತೊಟ್ಟಿ ಸಂತೆಯಾಗುತ್ತದೆ. ಬಾಲದ ಬಣ್ಣವಿರುವ ಗಂಡುಗಳನ್ನು ಮಾತ್ರ ತನ್ನಿ.

ನಮಗೆ ಪ್ರೀತಿಯದು ನಮ್ಮ ಗದ್ದೆಯ ತೋಡಿನದೇ ಮೀನು. ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆಯಿದ್ದು, ನೀರಿನ ಮೇಲ್ಪದರದಲ್ಲಿಯೇ ಈಜುವ ಇದನ್ನು ಮಲೆಯಾಳದಲ್ಲಿ ಮಾನತ್ತುಕಣ್ಣಿ ಎನ್ನುತ್ತಾರೆ. ಕಣ್ಣು ಮಾನದತ್ತ, ಅಂದರೆ ಆಕಾಶದತ್ತ ಇರುವುದು ಎಂಬ ಅರ್ಥ. ಮೃದುವಾದ ನೀರಿನಲ್ಲಿಯೇ ಹುಟ್ಟಿ ಬೆಳೆದದ್ದು, ಸೊಳ್ಳೆಯ ಮರಿಗಳೆಂದರೆ ಅದಕ್ಕೆ ಪಾಯಸ. ನಾಲ್ಕೈದನ್ನು ಹಿಡಿದು ಸಾಕಬಹುದು. ಮುಚ್ಚಳವಿಲ್ಲದಿದ್ದರೆ ಹಾರುತ್ತದೆ, ತನಗಿಂತ ಸಣ್ಣ ಮೀನನ್ನು ನುಂಗುತ್ತದೆ, ಇವೆರಡು ನೆನಪಿರಲಿ. ಕೆಂಪು ಗೆರೆಯ 'ಮಿಸ್ ಕೇರಳ' ಮೀನಿನ ಚಂದವನ್ನು ಕಂಡು ಮರುಳಾಗುವವರೂ ಇದ್ದಾರೆ. ಅದು ವಳಪಟ್ಟಣ, ಚಾಲಿಯಾರ್ ಮುಂತಾದ ಹೊಳೆಗಳದು. 1865ರಲ್ಲಿ ಫ್ರಾನ್ಸಿಸ್ ಡೇ ಎಂಬವರು ಮದ್ರಾಸಿನ ಗವರ್ನರ್ ಡೆನಿಸನ್ನರ ಹೆಸರನ್ನು ಅದಕ್ಕೆ ಕೊಟ್ಟರು. ಹರಿಯುವ ನೀರು, ದೊಡ್ಡ ಹಿಂಡು ಬೇಕಾದ ಮೀನದು, ಎರಡು ಅಡಿಯ ತೊಟ್ಟಿ ಅದಕ್ಕೆ ಸೆರೆಮನೆ. ತೊಟ್ಟಿಯವರ ಆಸೆಗೆ ಹೊಳೆಗಳಿಂದ ಬಾಚಿದ್ದೂ ಸೇರಿ ಈಗ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಅದನ್ನು ಹೊಳೆಗೇ ಬಿಡೋಣ.

ಆಹಾರ ದಿನಕ್ಕೆ ಒಂದು ಅಥವಾ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಉಳಿದದ್ದೆಲ್ಲ ಅಮೋನಿಯ. ಅನ್ನ ಬೇಡ. ಅದು ತಳಕ್ಕಿಳಿದು ಹಳಸಿ ನೀರನ್ನು ಕೆಡಿಸುತ್ತದೆ. ವಾರಕ್ಕೊಂದು ದಿನ ಮೀನಿಗೂ ಏಕಾದಶಿ ಮಾಡಿಸಿದರೆ ಕೇಡಿಲ್ಲ. ಮನೆಯಲ್ಲಿ ಒಬ್ಬರೇ ಹಾಕುವುದು ಕ್ಷೇಮ. ಅಜ್ಜ ಬೆಳಿಗ್ಗೆ, ಮೊಮ್ಮಗ ಮಧ್ಯಾಹ್ನ, ಸೊಸೆ ಸಂಜೆ ಹಾಕಿದ ಮನೆಯ ತೊಟ್ಟಿಯನ್ನು ನೋಡಿದ್ದೇವೆ, ನೀರು ಗಂಜಿಯಂತಿತ್ತು. ಮಳೆಗಾಲದಲ್ಲಿ ತೋಟದಲ್ಲಿ ಬಿದ್ದ ಹಾಳೆ, ಗೆರಟೆ, ರಬ್ಬರಿನ ಬಟ್ಟಲುಗಳಲ್ಲಿ ನಿಂತ ನೀರಿನಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿರುತ್ತವೆ. 2006-07ರಲ್ಲಿ ಕೇರಳವನ್ನು ಮಲಗಿಸಿದ ಚಿಕುನ್‌ಗುನ್ಯವನ್ನೂ ಡೆಂಗಿಯನ್ನೂ ಹರಡುವ ಸೊಳ್ಳೆ ಹುಟ್ಟುವುದು ಇಂಥಲ್ಲಿಯೇ. ಮಕ್ಕಳಿಂದ ಅದನ್ನು ಬಟ್ಟೆಯಲ್ಲಿ ಸೋಸಿಸಿ ಮೀನಿಗೆ ಹಾಕಿಸಿ, ಹಾಳೆಯನ್ನು ಮಗುಚಿಸಿ. ಮೀನಿಗೆಂದು ಹೇಳಿ ಬೇಕೆಂದೇ ನೀರು ನಿಲ್ಲಿಸುವುದು ಮಾತ್ರ ಕೂಡದು.

ವಾರದ ಕೆಲಸ ಒಂದೇ. ಕೊಳವೆಯಿಂದ ತಳದ ಹೊಲಸು ಸಮೇತ ಕಾಲು ಭಾಗ ನೀರು, ಎಂದರೆ 10-12 ಲೀಟರ್ ತೆಗೆದು, ಇಟ್ಟು ಹದವಾದ ನೀರನ್ನು ತುಂಬುವುದು. ಸ್ಪಂಜಿನಲ್ಲಿ ನೀರು ಹರಿಯದಷ್ಟು ಕೊಳೆ ಕಟ್ಟಿದಾಗ ಆ ತೆಗೆದ ನೀರಿನಲ್ಲಿಯೇ ಎರಡು ಸಲ ಹಿಂಡಿ ಮತ್ತೆ ಇಡಬೇಕು. ಎದುರಿನ ಗಾಜಿನ ಪಾಚಿಯನ್ನು ಒರೆಸಿಕೊಳ್ಳಿ, ಹಿಂದಿನದನ್ನು ಬಿಡಿ. ತೆಗೆದ ನೀರನ್ನು ಚರಂಡಿಗೆ ಚೆಲ್ಲುವವನು ಕೃಷಿಕನಲ್ಲ. ಅದು ತೆಳು ಗೊಬ್ಬರ. ನಮ್ಮಲ್ಲಿ ಬಸಳೆಯ ಚಪ್ಪರಕ್ಕೆ ಹೋಗುತ್ತದೆ.

ಈಗ ಅಡಿಕೆ ತೋಟದವರಿಗೇ ಮೀಸಲಾದ ಒಂದು ಎಚ್ಚರಿಕೆ. ಇದನ್ನು ಯಾವ ಮೀನಿನ ಪುಸ್ತಕದಲ್ಲಿಯೂ ನಾವು ಕಂಡಿಲ್ಲ. ಕೊಳೆರೋಗಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಸೇರಿಸಿ ಬೋರ್ಡೋ ದ್ರಾವಣ ಮಾಡುತ್ತೇವಷ್ಟೆ. ಮೈಲುತುತ್ತು ಎಂದರೆ ತಾಮ್ರ. ತಾಮ್ರ ಮೀನಿಗೆ ಘೋರ ವಿಷ, ನೀರು ಮೃದುವಾದಷ್ಟು ವಿಷ ಹೆಚ್ಚು. ನಮ್ಮ ನೀರೋ ಮೃದುವೇ. ಒಂದು ಆಟಿ ತಿಂಗಳಲ್ಲಿ ಎರಡನೆಯ ಮದ್ದು ಬಿಟ್ಟು ಮುಗಿಸಿದ ಮಾರನೆಯ ದಿನ, ಮದ್ದಿನ ಬಕೆಟನ್ನು ಮೂರು ಸಲ ತೊಳೆದು, ಅದರಲ್ಲೇ ನೀರು ತುಂಬಿಟ್ಟು ಮನೆಯ ತೊಟ್ಟಿಗೆ ಸುರಿದೆವು. "ಆ ಬಕೆಟು ಬೇಡ" ಎಂದು ಮನೆಯವರು ಹೇಳಿದ್ದರು. ಅಂಚಿನಲ್ಲಿ ಉಗುರಿನಷ್ಟು ನೀಲಿ ಉಳಿದಿತ್ತು. ಮೊದಲು ಬಸವನಹುಳಗಳು ಚಿಪ್ಪಿನೊಳಗೆ ಸೇದಿಕೊಂಡು ಉದುರಿದವು, ಬೆಳಗಾಗುವುದರೊಳಗೆ ಆರು ಮೀನುಗಳೂ ಹೋದವು. ಮೀನಿನ ಕೆಲಸಕ್ಕೆ ಒಂದು ಬಕೆಟು, ಒಂದು ಚೆಂಬು, ಒಂದು ಬಟ್ಟೆ ಬೇರೆಯೇ ಇರಲಿ. ಮದ್ದು ಬಿಟ್ಟ ದಿನ ತೊಟ್ಟಿಗೆ ಕೈ ಹಾಕಬೇಡಿ. ತೋಟದ ಕಣಿಯಿಂದ ಗಿಡವನ್ನಾಗಲಿ ನೀರನ್ನಾಗಲಿ ತರಬೇಡಿ. 2000ದ ತನಕ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಜಿಲ್ಲೆ ನಮ್ಮದು. ಸಿಂಪಡಿಸಿದ್ದು ನೀರಿಗೆ ಸೇರುತ್ತದೆಂಬುದನ್ನು ನಮಗೆ ಬೇರೆಯವರು ಹೇಳಬೇಕಾಗಿಲ್ಲ.

ಮಳೆಗಾಲದಲ್ಲಿ ಕರೆಂಟು ಹೋಗಿ ದಿನಗಟ್ಟಲೆ ಬಾರದಿರುವುದುಂಟು. ಆಗ ಆಹಾರ ನಿಲ್ಲಿಸಿ. ಮೀನು ನಾಲ್ಕೈದು ದಿನ ಉಪವಾಸವಿದ್ದು ಬದುಕುತ್ತದೆ. ಗಂಟೆಗೊಮ್ಮೆ ಚೆಂಬಿನಲ್ಲಿ ತೊಟ್ಟಿಯದೇ ನೀರನ್ನು ಎತ್ತಿ ಒಂದಡಿ ಮೇಲಿನಿಂದ ಹತ್ತು ಹದಿನೈದು ಸಲ ಸುರಿದರೆ ಗಾಳಿ ಸೇರುತ್ತದೆ. ಬ್ಯಾಟರಿಯ ಸಣ್ಣ ಪಂಪೂ ಸಿಗುತ್ತದೆ. ಹಿಂಡು ಕಡಿಮೆಯಿದ್ದರೆ ಇಂಥ ದಿನಗಳಲ್ಲಿ ಚಿಂತೆಯೂ ಕಡಿಮೆ.

ಸಾಕಲು ಬೇಸರವಾದರೆ ಮೀನನ್ನು ತೋಡಿಗೋ ಸುರಂಗದ ಕೆರೆಗೋ ಬಿಡುವುದು ಪುಣ್ಯವೆಂದು ಕೆಲವರು ತಿಳಿದಿದ್ದಾರೆ. 2018ರ ಆಗಸ್ಟಿನ ನೆರೆಯಲ್ಲಿ ಸಾಕಣೆಯಿಂದ ತಪ್ಪಿಸಿಕೊಂಡ ಅರಪೈಮದಂಥ ಪರದೇಶದ ದೈತ್ಯ ಮೀನುಗಳು ಆಮೇಲೆ ಚಾಲಕ್ಕುಡಿ ಹೊಳೆಯಲ್ಲಿ ಬಲೆಗೆ ಬಿದ್ದವು. ಗಪ್ಪಿ ಸಣ್ಣದಾದರೂ ನಮ್ಮ ಮೀನುಗಳ, ಕಪ್ಪೆಗಳ ಮೊಟ್ಟೆಮರಿಗಳನ್ನು ತಿನ್ನುತ್ತದೆ. ಬೇಡವಾದ ಮೀನನ್ನು ಸಾಕುವ ಮತ್ತೊಂದು ಮನೆಗೆ ಕೊಡಿ. ಬೇಡವಾದ ಗಿಡವನ್ನು ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ.

ತೊಟ್ಟಿ ಹೂಡಲು ದೀಪಾವಳಿಯ ನಂತರದ ದಿನಗಳು ಒಳ್ಳೆಯವು. ಮದ್ದು ಬಿಡುವ ಕೆಲಸ ಮುಗಿದಿರುತ್ತದೆ, ಸುರಂಗದಲ್ಲಿ ನೀರು ಧಾರಾಳವಿರುತ್ತದೆ, ಬಿಸಿಲು ಏರಿರುವುದಿಲ್ಲ. ಆ ಹುಡುಗಿ ಈಗ ಹೈಸ್ಕೂಲಿನಲ್ಲಿದ್ದಾಳೆ. ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಮುಚ್ಚಳದ ಡಬ್ಬಿ ಹಿಡಿದು ಬಂದು ಶಾಲೆಯ ತೊಟ್ಟಿಯಿಂದ ಹೆಪ್ಪಿಗೆಂದು ಒಂದು ಹಿಡಿ ಕಲ್ಲು ಒಯ್ದಳು. ಮೂರು ವಾರ ಖಾಲಿ ತೊಟ್ಟಿಯನ್ನೇ ನೋಡುತ್ತಿದ್ದಳಂತೆ. ಈಗ ಐದು ಮಾನತ್ತುಕಣ್ಣಿಗಳಿವೆ, ಮಧ್ಯಾಹ್ನ ಅಜ್ಜಿಯ ಕುರ್ಚಿ ಅದರ ಎದುರಿಗೇ. ಬೇಕಾದ ಬೇರೆಯವರೂ ಶಾಲೆ ಬಿಡುವ ಹೊತ್ತಿಗೆ ಡಬ್ಬಿ ಹಿಡಿದು ಬರಬಹುದು. ಡಬ್ಬಿ ಮಾತ್ರ ಮೈಲುತುತ್ತು ಕಂಡದ್ದಾಗಿರಬಾರದು.